ಮೂರನೇ ರೈಡಿಗೇ ತೊಡೆ ಕಲ್ಲಾದರೆ ಏನು ಮಾಡಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಾನು ಕಾರಟಗಿ ಹತ್ತಿರದ ಹಳ್ಳಿಯವನು. ವಯಸ್ಸು 22, ತೂಕ 64 ಕೆಜಿ. ರೈಸ್ ಮಿಲ್‌ನಲ್ಲಿ ಚೀಲ ಹೊರುವ ಕೆಲಸ. ಊರಿನ ಕಬಡ್ಡಿ ತಂಡದಲ್ಲಿ ರೈಡರ್. ಮೊದಲ ಎರಡು ರೈಡ್ ಚೆನ್ನಾಗಿ ಹೋಗುತ್ತವೆ. ಮೂರನೆಯದಕ್ಕೆ ತೊಡೆ ಕಲ್ಲಾಗುತ್ತದೆ, ಉಸಿರು ಸಿಗುವುದಿಲ್ಲ, ವಾಪಸ್ ಬರುವಷ್ಟರಲ್ಲಿ ಹಿಡಿದುಬಿಡುತ್ತಾರೆ. ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಒಂದೇ ರಾತ್ರಿ ಮೂರು ನಾಲ್ಕು ಮ್ಯಾಚ್ ಇರುತ್ತವೆ. ಫೈನಲ್ ಹೊತ್ತಿಗೆ ನಾನು ಇದ್ದೂ ಇಲ್ಲದ ಹಾಗೆ. ಒಬ್ಬ ಗೆಳೆಯ ಪೌಡರ್ ತಗೋ ಅಂತಾನೆ, ಇನ್ನೊಬ್ಬ ಐಸ್ ನೀರಲ್ಲಿ ಕೂರು ಅಂತಾನೆ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಳ್ತಿದೆ ಅಂತ ನಮ್ಮ ಸೀನಿಯರ್ ಹೇಳಿದರು. ಬೇಗ ಸುಧಾರಿಸಿಕೊಳ್ಳೋಕೆ ಏನು ಮಾಡಬೇಕು? ನಿಮ್ಮ ತಮ್ಮ ಅಂತ ತಿಳಿದು ಹೇಳಿ.

ಉತ್ತರ: ತಮ್ಮ ಅಂದೆಯಲ್ಲ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಬಳ್ಳಾರಿಯಲ್ಲಿ ನನ್ನ ಹತ್ತಿರ ತರಬೇತಿಗೆ ಬರುವವರಲ್ಲಿ ಅರ್ಧ ಜನ ಕಬಡ್ಡಿ, ಕೊಕ್ಕೊ ಹುಡುಗರು, ಉಳಿದವರು ಪೊಲೀಸ್ ಫಿಸಿಕಲ್‌ಗೆ ಓಡುವವರು. ಬೇರೆ ಬೇರೆ ಮಾತಿನಲ್ಲಿ ಎಲ್ಲರೂ ಕೇಳುವುದು ಇದನ್ನೇ. ಮೊದಲ ಸಲ ಬಲ ಇರುತ್ತದೆ, ಮತ್ತೆ ಮತ್ತೆ ಮಾಡುವಾಗ ಎಲ್ಲಿಗೆ ಹೋಗುತ್ತದೆ?

ನೇರವಾಗಿ ಹೇಳಿಬಿಡುತ್ತೇನೆ. ಒಂದು ರೈಡ್ ಮುಗಿದು ಇನ್ನೊಂದು ಶುರುವಾಗುವ ನಡುವೆ ನಿನ್ನನ್ನು ಸುಧಾರಿಸುವುದು ಪೌಡರ್ ಅಲ್ಲ, ಐಸ್ ಅಲ್ಲ. ನಿನ್ನ ಹೃದಯ, ನಿನ್ನ ಉಸಿರು, ತೊಡೆಯೊಳಗಿನ ಸಣ್ಣ ಸಣ್ಣ ರಕ್ತನಾಳ, ಇಷ್ಟೇ. ಇವುಗಳನ್ನು ಬೆಳೆಸುವುದು ನಿಧಾನದ ಓಟ ಮತ್ತು ನಾಲ್ಕು ನಾಲ್ಕು ನಿಮಿಷದ ಗಟ್ಟಿ ಓಟ. ನಿನ್ನ ಪತ್ರದಲ್ಲಿ ರೈಡ್ ಇದೆ, ಚೀಲ ಇದೆ, ಓಟದ ಮಾತೇ ಇಲ್ಲ. ನನ್ನ ಅನುಮಾನ ಅಲ್ಲಿಂದಲೇ ಶುರು.

ಏಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು. ನೀನು ಬೋನಸ್ ಗೆರೆ ಹತ್ತಿರ ಹೋಗಿ ಚಂಗನೆ ಹಾರಿ, ಕಾಲು ಚಾಚಿ, ತಿರುಗಿ ಓಡಿ ಬರುತ್ತೀಯಲ್ಲ, ಆ ಕೆಲವು ಸೆಕೆಂಡಿನ ಬಲ ಬರುವುದು ಹೆಚ್ಚಾಗಿ ಫಾಸ್ಫೋಕ್ರಿಯಾಟಿನ್ ಅನ್ನುವ ವಸ್ತುವಿನಿಂದ. ಸ್ನಾಯುವಿನಲ್ಲೇ ಕೂಡಿಟ್ಟಿರುವ, ಕೂಡಲೇ ಸಿಗುವ ಶಕ್ತಿ ಅದು. ಆದರೆ ಸಂಗ್ರಹ ಬಹಳ ಸಣ್ಣದು. ಪೂರ್ತಿ ಬಲ ಹಾಕಿದರೆ ಸುಮಾರು 10 ಸೆಕೆಂಡಿಗೆ ಬಹುಪಾಲು ಖಾಲಿ. ಮನೆ ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೋ. ನಲ್ಲಿ ತಿರುಗಿಸಿದರೆ ರಭಸದಿಂದ ಬರುತ್ತದೆ, ಆದರೆ ಟ್ಯಾಂಕ್ ಚಿಕ್ಕದು. ಅದನ್ನು ಮತ್ತೆ ತುಂಬಿಸಬೇಕಾದ್ದು ಕೆಳಗಿನ ಮೋಟರ್. ನಿನ್ನ ದೇಹದಲ್ಲಿ ಆ ಮೋಟರ್ ಓಡುವುದು ಆಮ್ಲಜನಕದ ಮೇಲೆ.

ಇದು ಬಾಯಿಮಾತಲ್ಲ. 1970ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೊಡೆಗೆ ಸೂಜಿ ಹಾಕಿ ಸ್ನಾಯುವಿನ ಚೂರು ತೆಗೆದು ಇದನ್ನು ಅಳೆದರು. ವ್ಯಾಯಾಮ ಮುಗಿದ ಮೇಲೆ ರಕ್ತ ಸರಾಗವಾಗಿ ಹರಿದಾಗ ಟ್ಯಾಂಕ್ ತುಂಬುತ್ತಾ ಬಂತು. ಕಾಲಿಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಿದಾಗ ತುಂಬಲೇ ಇಲ್ಲ. ರಕ್ತ ಬಂದರೆ ಆಮ್ಲಜನಕ, ಆಮ್ಲಜನಕ ಬಂದರೆ ಸುಧಾರಿಕೆ. ಟ್ಯಾಂಕ್ ಅರ್ಧ ತುಂಬಲು ಹೆಚ್ಚು ಕಡಿಮೆ ಅರ್ಧ ನಿಮಿಷ ಬೇಕು. ಮೊದಲ ಅರ್ಧ ಬೇಗ ತುಂಬುತ್ತದೆ, ಉಳಿದದ್ದು ನಿಧಾನ. ಪೂರ್ತಿಯ ಹತ್ತಿರ ಬರಲು ಮೂರರಿಂದ ಐದು ನಿಮಿಷ, ತುಂಬಾ ದಣಿದಿದ್ದರೆ ಇನ್ನೂ ಜಾಸ್ತಿ.

ಈಗ ಇದನ್ನು ನಿನ್ನ ಆಟಕ್ಕೆ ಇಟ್ಟು ನೋಡು. ಒಂದು ರೈಡ್ ಹೆಚ್ಚೆಂದರೆ 30 ಸೆಕೆಂಡ್. ನೀನು ಹೋಗಿ ಬಂದೆ, ಅವರ ರೈಡರ್ ಬಂದ, ಅವನು ಹೋದ ತಕ್ಷಣ ಮತ್ತೆ ನೀನೇ ಹೋದೆ. ನಿನಗೆ ಸಿಕ್ಕಿದ್ದು ಅರ್ಧ ನಿಮಿಷ, ಅದರಲ್ಲೂ ಸುಮ್ನೆ ನಿಂತಿರಲಿಲ್ಲ, ಡಿಫೆನ್ಸ್‌ನಲ್ಲಿ ಪಕ್ಕದವನ ಕೈ ಹಿಡಿದು ಚೈನ್ ಮಾಡಿ ಓಡಾಡುತ್ತಿದ್ದೆ. ಟ್ಯಾಂಕ್ ಅರ್ಧವೂ ತುಂಬಿಲ್ಲ. ಎರಡನೇ ರೈಡ್ ಹೇಗೋ ಆಯಿತು, ಮೂರನೆಯದಕ್ಕೆ ತಳ ಕಾಣಿಸಿತು. ಅದೇ ನಿನ್ನ ನಂತರ ನಿಮ್ಮ ತಂಡದ ಇನ್ನೊಬ್ಬ ಹೋದರೆ ಲೆಕ್ಕ ಬದಲಾಗುತ್ತದೆ. ಅವರದೊಂದು, ನಿಮ್ಮವನದೊಂದು, ಮತ್ತೆ ಅವರದೊಂದು, ಆಮೇಲೆ ನೀನು. ಒಂದೂವರೆ ನಿಮಿಷದ ಹತ್ತಿರ ಸಿಗುತ್ತದೆ. ಮೂರನೇ ರೈಡಿಗೆ ತೊಡೆ ಕಲ್ಲಾಗುವುದಕ್ಕೆ ಅರ್ಧ ಕಾರಣ ನಿನ್ನ ದೇಹ ಅಲ್ಲ, ತಂಡ ನಿನ್ನನ್ನು ಬಳಸುವ ರೀತಿ. ನಮ್ಮ ಕಡೆ ಹಳ್ಳಿ ತಂಡಗಳಲ್ಲಿ ಒಬ್ಬ ಒಳ್ಳೆ ರೈಡರ್ ಇದ್ದರೆ ಅವನನ್ನೇ ಎಲ್ಲದಕ್ಕೂ ಕಳಿಸುತ್ತಾರೆ, ಜನವೂ ಅವನ ಹೆಸರೇ ಕೂಗುತ್ತಾರೆ. ಕ್ಯಾಪ್ಟನ್ ಜೊತೆ ಕೂತು ಮಾತಾಡು. ಇನ್ನೊಬ್ಬ ರೈಡರ್ ಬೇಕೇ ಬೇಕು. ಅವನು ಪಾಯಿಂಟ್ ತರದಿದ್ದರೂ ಪರವಾಗಿಲ್ಲ, ರೈಡರ್ ದಾಟಲೇಬೇಕಾದ ಬಾಕ್ ಗೆರೆ ದಾಟಿ ಹುಷಾರಾಗಿ ಖಾಲಿ ವಾಪಸ್ ಬಂದರೆ ಸಾಕು, ಅಷ್ಟರಲ್ಲಿ ನೀನು ತುಂಬಿಕೊಂಡಿರುತ್ತೀಯ. ಪಾಯಿಂಟ್ ತರದಿದ್ದರೆ ರೈಡರ್ ಔಟ್ ಆಗುವ ಡು ಆರ್ ಡೈ ರೈಡ್ ಬಂದಾಗ ನೀನು ಹೋಗು.

1993ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪ್ರಯೋಗ ನಿನ್ನ ಕಥೆಯನ್ನೇ ಹೇಳುತ್ತದೆ. ಸೈಕಲ್ ಯಂತ್ರದ ಮೇಲೆ 6 ಸೆಕೆಂಡ್ ಜೀವ ಬಿಟ್ಟು ತುಳಿಯುವುದು, 30 ಸೆಕೆಂಡ್ ಬಿಡುವು, ಹೀಗೆ 10 ಸಲ. ಹತ್ತನೇ ಸಲಕ್ಕೆ ಸರಾಸರಿ ಬಲ ಮೊದಲಿನ ಶೇಕಡಾ 73ಕ್ಕೆ ಇಳಿದಿತ್ತು. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು ವಿಷಯ. ಮೊದಲ ಸಲ ಆಮ್ಲಜನಕ ಇಲ್ಲದೆ ಹುಟ್ಟಿದ ಶಕ್ತಿಯಲ್ಲಿ ಹತ್ತಿರ ಅರ್ಧದಷ್ಟು ಸಕ್ಕರೆಯ ದಾರಿಯಿಂದ ಬಂದಿತ್ತು, ನಿಮ್ಮ ಸೀನಿಯರ್ ಲ್ಯಾಕ್ಟಿಕ್ ಆಸಿಡ್ ಅಂದರಲ್ಲ, ಆ ಲ್ಯಾಕ್ಟೇಟ್ ಹುಟ್ಟುವ ದಾರಿ ಅದು. ಹತ್ತನೇ ಸಲ ಆ ದಾರಿ ಬಹುತೇಕ ಮುಚ್ಚಿಹೋಗಿತ್ತು. ಉಳಿದದ್ದು ಫಾಸ್ಫೋಕ್ರಿಯಾಟಿನ್ ಮತ್ತು ಆಮ್ಲಜನಕದ ಮೋಟರ್. ಆಟ ಮುಂದುವರಿದಂತೆ ಗೆಲ್ಲುವವನು ದೊಡ್ಡ ಮೋಟರ್ ಇದ್ದವನು.

ಹಾಗಾದರೆ ಲ್ಯಾಕ್ಟಿಕ್ ಆಸಿಡ್? ನಿಮ್ಮ ಸೀನಿಯರ್ ತಪ್ಪು ಹೇಳಿದರು ಅಂತ ಬೈಯಬೇಡ, ನಾವೆಲ್ಲ ಹಾಗೇ ಕಲಿತವರು. ಆದರೆ ಲ್ಯಾಕ್ಟೇಟ್ ಕಸ ಅಲ್ಲ. ಹೃದಯ, ಬೇರೆ ಸ್ನಾಯುಗಳು ಅದನ್ನೇ ಉರುವಲು ಮಾಡಿಕೊಳ್ಳುತ್ತವೆ. ಮ್ಯಾಚ್ ಮುಗಿದ ಒಂದು ಗಂಟೆಯೊಳಗೆ ರಕ್ತದಲ್ಲಿ ಅದು ಹೆಚ್ಚು ಕಡಿಮೆ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಮರುದಿನ, ಅದರ ಮರುದಿನ ತೊಡೆ ಹಿಡಿದುಕೊಳ್ಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನದು.

ಇನ್ನು ರೈಡ್ ಮುಗಿದ ಮೊದಲ ನಿಮಿಷ. ಇಲ್ಲಿ ಇವತ್ತೇ ಮಾಡಬಹುದಾದ ಕೆಲಸ ಇದೆ.

ಕಬಡ್ಡಿ ಕಬಡ್ಡಿ ಅಂತ ಹೇಳುತ್ತಾ ಹೋಗುವಾಗ ನೀನು ಉಸಿರು ಬಿಡುತ್ತಲೇ ಇರುತ್ತೀಯ, ಎಳೆದುಕೊಳ್ಳುವುದಿಲ್ಲ. ಬೇರೆ ಆಟದವನಿಗೆ ಓಡುವಾಗ ಉಸಿರಾಡಲು ಅವಕಾಶ ಇದೆ, ನಿನಗಿಲ್ಲ. ಹಾಗಾಗಿ ಗೆರೆ ದಾಟಿ ಬಂದ ಕ್ಷಣ ನಿನ್ನ ಆಮ್ಲಜನಕದ ಸಾಲ ಎಲ್ಲರಿಗಿಂತ ಜಾಸ್ತಿ. ಬಂದ ತಕ್ಷಣ ಹೆಚ್ಚಿನ ಹುಡುಗರು ಏನು ಮಾಡುತ್ತಾರೆ ಅಂತ ನಾನು ಎಷ್ಟೋ ಸಲ ಅಂಕಣದ ಪಕ್ಕ ಕೂತು ನೋಡಿದ್ದೇನೆ. ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ಎದೆ ಉಬ್ಬಿಸಿ ಬಾಯಿ ತೆರೆದು ಗಸಗಸ ಅಂತ ಮೇಲುಸಿರು ಎಳೆಯುತ್ತಾರೆ. ಹೊಟ್ಟೆ ಅಲ್ಲಾಡುವುದೇ ಇಲ್ಲ, ಭುಜ ಮಾತ್ರ ಮೇಲೆ ಕೆಳಗೆ. ನಾನೂ ಎಷ್ಟೋ ವರ್ಷ ಹುಡುಗರಿಗೆ ಬಾಗಬೇಡ, ನೆಟ್ಟಗೆ ನಿಲ್ಲು, ಸೋತವನ ಹಾಗೆ ಕಾಣಬೇಡ ಅಂತ ಕೂಗಿದ್ದೇನೆ. ಆಮೇಲೆ 2019ರ ಒಂದು ಅಧ್ಯಯನ ಓದಿದೆ. ಅಮೆರಿಕದ 20 ಕಾಲೇಜು ಫುಟ್‌ಬಾಲ್ ಆಟಗಾರ್ತಿಯರನ್ನು ನಾಲ್ಕು ನಿಮಿಷದ ಗಟ್ಟಿ ಓಟ ಓಡಿಸಿ, ನಡುವೆ ಒಂದು ಸಲ ಮೊಣಕಾಲ ಮೇಲೆ ಕೈ ಊರಿಸಿ, ಇನ್ನೊಂದು ಸಲ ತಲೆ ಮೇಲೆ ಕೈ ಇಡಿಸಿ ನೋಡಿದ್ದಾರೆ. ಮೊಣಕಾಲ ಮೇಲೆ ಕೈ ಊರಿದಾಗ ಒಂದು ನಿಮಿಷದಲ್ಲಿ ಎದೆಬಡಿತ ಸರಾಸರಿ 53 ಇಳಿಯಿತು. ತಲೆ ಮೇಲೆ ಕೈ ಇದ್ದಾಗ 31 ಮಾತ್ರ. ಬಾಗಿದಾಗ ಎದೆಯ ಕೆಳಗಿನ ವಪೆ, ಅಂದರೆ ಉಸಿರೆಳೆಯುವ ಮುಖ್ಯ ಸ್ನಾಯು, ಚೆನ್ನಾಗಿ ಕೆಲಸ ಮಾಡುತ್ತದೆ. ಅವತ್ತಿನಿಂದ ನಾನು ಆ ಮಾತು ಕೂಗುವುದು ಬಿಟ್ಟೆ.

ನೀನು ಹೀಗೆ ಮಾಡು. ಬಂದ ತಕ್ಷಣ ಎರಡು ಹೆಜ್ಜೆ ನಡೆದು, ಮೊಣಕಾಲ ಮೇಲೆ ಅಂಗೈ ಊರು. ಬೆನ್ನು ಸ್ವಲ್ಪ ದುಂಡಗಾಗಲಿ. ಮೊದಲು ಉಸಿರು ಬಿಡು, ಪೂರ್ತಿ, ಊದುವ ಹಾಗೆ. ಆಮೇಲೆ ಎಳೆದುಕೋ, ಪಕ್ಕೆಲುಬು ಅಗಲವಾಗುವುದು ನಿನಗೇ ಗೊತ್ತಾಗಬೇಕು. ಅವರ ರೈಡರ್ ಗೆರೆ ದಾಟುವ ಮುಂಚೆ ಮೂರು ನಾಲ್ಕು ಉಸಿರು ಹೀಗೆ ಸಿಕ್ಕರೂ ವ್ಯತ್ಯಾಸ ಗೊತ್ತಾಗುತ್ತದೆ. ಮತ್ತೆ ರೈಡಿಗೆ ಹೋಗುವ ಮುಂಚೆ ಒಂದೆರಡು ದೊಡ್ಡ ಉಸಿರು ಸಾಕು. ಹತ್ತು ಇಪ್ಪತ್ತು ಸಲ ಜೋರಾಗಿ ಎಳೆದರೆ ತಲೆ ಸುತ್ತುತ್ತದೆ, ಲಾಭ ಇಲ್ಲ.

ನಡುವೆ ಓಡಾಡಬೇಕಾ, ಸುಮ್ನೆ ನಿಲ್ಲಬೇಕಾ? ಬಿಡುವು ಅರ್ಧ ನಿಮಿಷದ್ದಾದರೆ ಸುಮ್ನೆ ನಿಲ್ಲು, ಅಥವಾ ಹಗುರ ಹೆಜ್ಜೆ. ಜಿಗಿಯುತ್ತಾ ಇದ್ದರೆ ಟ್ಯಾಂಕ್ ತುಂಬಬೇಕಾದ ಆಮ್ಲಜನಕ ಆ ಜಿಗಿತಕ್ಕೇ ಖರ್ಚಾಗುತ್ತದೆ. ಡಿಫೆನ್ಸ್‌ನಲ್ಲಿ ನಿನ್ನನ್ನು ಕಾರ್ನರ್‌ನಲ್ಲಿ ನಿಲ್ಲಿಸಿದ್ದಾರಾ? ಅದನ್ನು ಬದಲಿಸಲು ಹೇಳು. ಕಾರ್ನರ್‌ನವನಿಗೆ ಓಡಾಟ ಜಾಸ್ತಿ, ಹಿಡಿತ ಜಾಸ್ತಿ. ರೈಡ್ ಮುಗಿಸಿ ಬಂದವನು ಕಾರ್ನರ್ ಪಕ್ಕದ ಇನ್ ಜಾಗದಲ್ಲಿ ಅಥವಾ ಸೆಂಟರ್‌ನಲ್ಲಿ ನಿಲ್ಲಲಿ. ಒಂದೊಂದು ಹಾಫ್‌ಗೆ 30 ಸೆಕೆಂಡಿನ ಎರಡು ಟೈಮ್ ಔಟ್ ಇರುತ್ತವೆ. ಅವನ್ನು ಜಗಳಕ್ಕೆ ಖರ್ಚು ಮಾಡದೆ ನಿನ್ನ ಸತತ ಎರಡು ರೈಡ್ ಆದ ಮೇಲೆ ತಗೊಂಡರೆ ಅರ್ಧ ಟ್ಯಾಂಕ್ ನೀರು ಸಿಕ್ಕ ಹಾಗೆ.

ಈಗ ಮ್ಯಾಚ್ ಮತ್ತು ಮ್ಯಾಚ್ ನಡುವೆ. ಇಲ್ಲಿ ಲೆಕ್ಕವೇ ಬೇರೆ. ಒಂದು ಗಂಟೆ ಸಿಕ್ಕರೆ ಫಾಸ್ಫೋಕ್ರಿಯಾಟಿನ್ ತಾನಾಗೇ ತುಂಬಿರುತ್ತದೆ, ಅದರ ಚಿಂತೆ ಬೇಡ. ಫೈನಲ್ ಹೊತ್ತಿಗೆ ನಿನ್ನನ್ನು ಕೆಡವುತ್ತಿರುವುದು ಮೂರು: ಮೈ ಬಿಸಿ, ಕಡಿಮೆಯಾದ ನೀರು ಉಪ್ಪು, ಖಾಲಿಯಾಗುತ್ತಿರುವ ಗ್ಲೈಕೋಜನ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ.

ಬಿಸಿ ಮೊದಲು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ಬೇಸಿಗೆ ನಿನಗೆ ಹೇಳಬೇಕಾಗಿಲ್ಲ. ಹಗಲು 40 ಡಿಗ್ರಿ ದಾಟಿದ ದಿನ ರಾತ್ರಿ ಹತ್ತಕ್ಕೂ ನೆಲ ಬಿಸಿ ಉಗುಳುತ್ತಿರುತ್ತದೆ. ಗಾಳಿ ಒಣ, ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ, ಅಂಗಿ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಮೈ ಬಿಸಿ ಏರಿದಾಗ ಹೃದಯ ರಕ್ತವನ್ನು ಚರ್ಮಕ್ಕೂ ಕಳಿಸಬೇಕು, ತೊಡೆಗೂ ಕಳಿಸಬೇಕು. ಮೋಟರ್ ಒಂದೇ, ಪೈಪ್ ಎರಡು. ಅದಕ್ಕೇ ಮ್ಯಾಚ್ ಮುಗಿದ ತಕ್ಷಣ ಫ್ಲಡ್ ಲೈಟ್ ಕೆಳಗೆ, ಜನರ ನಡುವೆ ಕೂರಬೇಡ. ಕತ್ತಲೆಯ ಕಡೆ, ಗಾಳಿ ಬರುವ ಕಡೆ ಹೋಗು. ಅಂಗಿ ತೆಗೆದು ಒದ್ದೆ ಟವೆಲ್ ಕತ್ತು, ಎದೆ ಮೇಲೆ ಹಾಕಿಕೋ. ಬಕೆಟ್ ತಣ್ಣೀರಲ್ಲಿ ಮೊಣಕೈ ತನಕ ಎರಡೂ ಕೈ ಹತ್ತು ನಿಮಿಷ ಮುಳುಗಿಸಿಡು. ಸುಲಭದ ಕೆಲಸ, ಖರ್ಚಿಲ್ಲ, ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಸಲ ಮೇ ತಿಂಗಳಲ್ಲಿ ಸಿಂಧನೂರು ಕಡೆಯ ಹಳ್ಳಿಯಲ್ಲಿ ಸೆಮಿಫೈನಲ್ ಮುಗಿಸಿ ಬಂದ ಹುಡುಗನೊಬ್ಬ ನನ್ನ ಪಕ್ಕ ಕೂತ. ಸ್ಕೋರ್ ಎಷ್ಟಪ್ಪ ಅಂದೆ. ಅವನು ತನ್ನ ಊರ ಹೆಸರು ಹೇಳಿದ. ಎರಡನೇ ಸಲ ಕೇಳಿದೆ, ಸುಮ್ನೆ ನನ್ನ ಮುಖ ನೋಡಿದ. ಕಣ್ಣು ನನ್ನ ಮೇಲಿತ್ತು, ಆದರೆ ಅವನು ಅಲ್ಲಿರಲಿಲ್ಲ. ಕುಡಿಯುವ ನೀರಿನ ಡ್ರಮ್ ಪೂರ್ತಿ ಅವನ ಮೇಲೆ ಸುರಿದು, ನಾಲ್ಕು ಜನ ಟವೆಲ್ ಬೀಸಿ, ಆಮೇಲೆ ಗಾಡಿಗೆ ಹಾಕಿದೆವು. ಹುಡುಗ ಬದುಕಿದ. ಇದನ್ನು ನಿಮ್ಮ ತಂಡದ ಎಲ್ಲರಿಗೂ ಹೇಳು. ಆಡಿದವನು ತಪ್ಪು ತಪ್ಪಾಗಿ ಮಾತಾಡಿದರೆ, ತೂರಾಡಿದರೆ ಅದು ಸುಸ್ತಲ್ಲ, ಬಿಸಿಲಿನ ಹೊಡೆತ. ಮೊದಲು ಅಲ್ಲೇ ತಣ್ಣೀರು ಹಾಕಿ ತಂಪು ಮಾಡಬೇಕು, ಆಮೇಲೆ ಆಸ್ಪತ್ರೆ. ಜ್ಞಾನ ಸರಿ ಇಲ್ಲದವನ ಬಾಯಿಗೆ ನೀರು ಹುಯ್ಯಬಾರದು.

ನೀರು ಎಷ್ಟು ಕುಡಿಯಬೇಕು ಅಂತ ಊಹೆ ಮಾಡಬೇಡ. ಮಿಲ್‌ನಲ್ಲಿ ಕಾಟಾ ಇದೆಯಲ್ಲ, ಪ್ರಾಕ್ಟೀಸ್ ಇರುವ ದಿನ ಮುಂಚೆ ಒಮ್ಮೆ, ಮುಗಿದ ಮೇಲೆ ಬೆವರು ಒರೆಸಿಕೊಂಡು ಒಮ್ಮೆ ಹತ್ತಿ ನಿಲ್ಲು. ಒಂದು ಕೆಜಿ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ಅದನ್ನು ತುಂಬಲು ಒಂದೂಕಾಲರಿಂದ ಒಂದೂವರೆ ಲೀಟರ್ ಬೇಕು, ಯಾಕೆಂದರೆ ಸ್ವಲ್ಪ ಮೂತ್ರವಾಗಿ ಹೋಗುತ್ತದೆ. ಒಂದೇ ಸಲ ಗಟಗಟ ಕುಡಿಯಬೇಡ, ಹೊಟ್ಟೆ ಕುಲುಕುತ್ತದೆ. ಬರೀ ನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು, ಇಲ್ಲವೇ ಒಆರ್‌ಎಸ್ ಒಳ್ಳೆಯದು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ, ಎರಡೂ ಮಟ್ಟಸವಾಗಿ ಅಳೆದದ್ದು. ಉಪ್ಪು ಕೈಗೆ ಬಂದಷ್ಟು ಹಾಕುವುದು ಬೇಡ.

ಊಟದ ವಿಷಯ. ಮುಂದಿನ ಮ್ಯಾಚ್ ಅದೇ ರಾತ್ರಿ ಇದ್ದರೆ ಗಂಟೆಗೆ ಮೈತೂಕದ ಒಂದೊಂದು ಕೆಜಿಗೆ ಒಂದು ಗ್ರಾಂ ಲೆಕ್ಕದಲ್ಲಿ ಪಿಷ್ಟ, ಸಕ್ಕರೆ ಬೇಕು. ನಿನಗೆ ಸುಮಾರು 60 ಗ್ರಾಂ. ಎರಡು ದೊಡ್ಡ ಬಾಳೆಹಣ್ಣು, ಜೊತೆಗೆ ಒಂದು ಸಣ್ಣ ಬೆಲ್ಲದ ಚೂರು, ಅಲ್ಲಿಗೆ ಹತ್ತಿರ ಆಯಿತು. ಮಂಡಕ್ಕಿ ಕೂಡ ಒಳ್ಳೆಯದೇ, ಎಣ್ಣೆ ಕಡಿಮೆ ಹಾಕಿದ ಒಗ್ಗರಣಿ ಒಂದು ತಟ್ಟೆ ತಿನ್ನು. ಪಕ್ಕದ ಮಿರ್ಚಿ ಮಾತ್ರ ಮುಟ್ಟಬೇಡ. ನಮ್ಮ ಕಡೆ ಮಂಡಕ್ಕಿ ಅಂದರೆ ಮಿರ್ಚಿ ಇರಲೇಬೇಕು ಅಂತ ನನಗೂ ಗೊತ್ತು, ಆದರೆ ಎಣ್ಣೆಯದು ಹೊಟ್ಟೆಯಲ್ಲೇ ಕೂರುತ್ತದೆ, ಫೈನಲ್‌ನಲ್ಲಿ ಗಂಟಲಿಗೆ ಬರುತ್ತದೆ. ಗೆದ್ದ ಮೇಲೆ ತಿನ್ನು. ಜೋಳದ ರೊಟ್ಟಿ, ಕಾಳು ಪಲ್ಯ ಮಧ್ಯಾಹ್ನದ ಊಟಕ್ಕೆ ಬಹಳ ಒಳ್ಳೆಯದು, ಆದರೆ ನಾರು ಜಾಸ್ತಿ, ಮ್ಯಾಚ್‌ಗೆ ಒಂದು ಗಂಟೆ ಇರುವಾಗ ಬೇಡ. ಆಗ ಅನ್ನ ಮಜ್ಜಿಗೆಯೇ ವಾಸಿ. ತಿಂದ ಮೇಲೆ ಕಾಲು ಚಾಚಿ ಮಲಗು. ಆಟಕ್ಕೆ 15 ನಿಮಿಷ ಮುಂಚೆ ಎದ್ದು ಮತ್ತೆ ಮೈ ಬಿಸಿ ಮಾಡಿಕೋ, ನಾಲ್ಕೈದು ಸಣ್ಣ ಓಟ, ಎರಡು ಜೋರಿನದು. ಮಲಗಿದ್ದವನು ನೇರ ಅಂಕಣಕ್ಕೆ ಇಳಿದರೆ ತೊಡೆಯ ಹಿಂಭಾಗ ಎಳೆದುಕೊಳ್ಳುತ್ತದೆ.

ಐಸ್ ನೀರು ಅಂದೆಯಲ್ಲ. ಮುಂದಿನ ಮ್ಯಾಚ್‌ಗೆ ಸ್ವಲ್ಪ ಹೊತ್ತೇ ಇದ್ದಾಗ ಸೊಂಟದ ತನಕ ಐಸ್‌ನಲ್ಲಿ ಕೂತರೆ ತೊಡೆ ತಣ್ಣಗಾಗಿ ಜಿಗಿತ ಕಡಿಮೆಯಾಗುತ್ತದೆ, ಅದು ಬೇಡ. ಪಂದ್ಯಾವಳಿ ಎರಡು ದಿನದ್ದಾಗಿದ್ದರೆ ಮೊದಲ ದಿನದ ಕೊನೆಯ ಮ್ಯಾಚ್ ಆದ ಮೇಲೆ 10 ರಿಂದ 15 ನಿಮಿಷ ಕೂರಬಹುದು, ಮರುದಿನದ ನೋವು ಸ್ವಲ್ಪ ಕಡಿಮೆಯಾಗುತ್ತದೆ. ದಿನಾ ಪ್ರಾಕ್ಟೀಸ್ ಆದಮೇಲೆ ಮಾತ್ರ ಬೇಡವೇ ಬೇಡ. 2015ರಲ್ಲಿ ಪ್ರಕಟವಾದ 12 ವಾರದ ಅಧ್ಯಯನದಲ್ಲಿ, ತೂಕ ಎತ್ತುವ ವ್ಯಾಯಾಮದ ನಂತರ ಪ್ರತಿ ಸಲ ತಣ್ಣೀರಲ್ಲಿ ಕೂತವರ ಸ್ನಾಯು ಮತ್ತು ಬಲ, ಸುಮ್ನೆ ಹಗುರ ಸೈಕಲ್ ತುಳಿದವರಿಗಿಂತ ಕಡಿಮೆ ಬೆಳೆಯಿತು. ಬೆಳೆಯಬೇಕಾದ ಕಾಲದಲ್ಲಿ ತಂಪು ಮಾಡಿ ಅದನ್ನು ತಡೆಯಬಾರದು.

ಪೌಡರ್ ಅಂದರೆ ಯಾವುದು ಅಂತ ನೀನು ಬರೆದಿಲ್ಲ. ಕ್ರಿಯಾಟಿನ್ ಮೊನೊಹೈಡ್ರೇಟ್ ಆಗಿದ್ದರೆ, ಅದು ನಿಜವಾಗಿ ಕೆಲಸ ಮಾಡುವ ಕೆಲವೇ ವಸ್ತುಗಳಲ್ಲಿ ಒಂದು. ದಿನಕ್ಕೆ 3 ರಿಂದ 5 ಗ್ರಾಂ, ಸುಮಾರು ನಾಲ್ಕು ವಾರದಲ್ಲಿ ಸ್ನಾಯು ತುಂಬಿಕೊಳ್ಳುತ್ತದೆ. ಮ್ಯಾಚ್ ದಿನ ತಗೊಂಡರೆ ಅವತ್ತೇ ಬಲ ಬರುತ್ತದೆ ಅನ್ನುವುದು ಸುಳ್ಳು. ಆದರೆ ನಿನಗೆ ಒಂದು ತೊಡಕಿದೆ. ಅದು ಸ್ನಾಯುವಿನಲ್ಲಿ ನೀರು ಹಿಡಿಯುತ್ತದೆ, ತೂಕ ಒಂದು ಕೆಜಿ ಆಚೀಚೆ ಏರಬಹುದು. ನೀನು 64 ಕೆಜಿ. ನಿಮ್ಮದು 65 ಕೆಜಿ ವಿಭಾಗದ ಪಂದ್ಯಾವಳಿ ಆದರೆ ಆ ಒಂದು ಕೆಜಿಗಾಗಿ ಹಿಂದಿನ ದಿನ ನೀರು ಬಿಟ್ಟು ತೂಕ ಇಳಿಸಲು ಹೋಗುತ್ತೀಯ, ಪೌಡರ್‌ನಿಂದ ಬಂದದ್ದೆಲ್ಲ ಅಲ್ಲೇ ಹೋಯಿತು. ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಕೇಳದೆ ಮುಟ್ಟಬಾರದು. ನನ್ನ ಮಾತು ಕೇಳುವುದಾದರೆ ಮೊದಲು ಮೂರು ತಿಂಗಳು ಓಡು, ಆ ದುಡ್ಡಿನಲ್ಲಿ ಮೊಟ್ಟೆ, ಹಾಲು, ಶೇಂಗಾ ತಿನ್ನು.

ಜಿಮ್‌ಗಳಲ್ಲಿ ಪ್ರಿ-ವರ್ಕೌಟ್ ಅಂತ ಬಣ್ಣದ ಪುಡಿ ಕೊಡುತ್ತಾರೆ. ಅದರಲ್ಲಿ ಮುಖ್ಯವಾಗಿ ಕೆಫೀನ್. ರಾತ್ರಿ ಹತ್ತಕ್ಕೆ ಕುಡಿದದ್ದರ ಅರ್ಧ ಬೆಳಗಿನ ಜಾವ ಮೂರಕ್ಕೂ ಮೈಯಲ್ಲೇ ಇರುತ್ತದೆ, ನಿದ್ದೆ ಹಾಳು. ಲೇಬಲ್ ಇಲ್ಲದ ಡಬ್ಬಿ, ಯಾರೋ ತಂದುಕೊಟ್ಟ ಇಂಜೆಕ್ಷನ್, ಇವು ಬೇಡ. ನಾಳೆ ನೀನು ರಾಜ್ಯ ಮಟ್ಟಕ್ಕೆ ಹೋದರೆ ಡೋಪಿಂಗ್ ಪರೀಕ್ಷೆಯಲ್ಲಿ ಗೊತ್ತಿಲ್ಲದೆ ಸಿಕ್ಕಿಬೀಳಬಹುದು. ಮ್ಯಾಚ್ ಮುಂಚೆ ನೋವಿನ ಮಾತ್ರೆ ನುಂಗುವ ಅಭ್ಯಾಸವೂ ನಮ್ಮ ಕಡೆ ಜೋರಾಗಿದೆ. ಬೆವರಿ ನೀರು ಕಡಿಮೆಯಾದ ಮೈಗೆ ಆ ಮಾತ್ರೆ ಬಿದ್ದರೆ ಕಿಡ್ನಿಗೆ ಪೆಟ್ಟು. ದಯವಿಟ್ಟು ಬೇಡ.

ಈಗ ಮೋಟರ್ ದೊಡ್ಡದು ಮಾಡುವ ಕೆಲಸ. ದಿನಾ 75 ಕೆಜಿ ಭತ್ತದ ಚೀಲ ಹೊರುತ್ತೇನೆ, ನನಗೆ ಯಾಕೆ ದಮ್ಮು ಇಲ್ಲ ಅಂತ ನಿನಗೆ ಅನಿಸಬಹುದು. ಚೀಲ ಹೊರುವುದು ಬೆನ್ನಿಗೆ, ತೊಡೆಗೆ ಬಲ ಕೊಡುತ್ತದೆ. ಆದರೆ ಎದೆಬಡಿತ ಅರ್ಧ ಗಂಟೆ ಒಂದೇ ಸಮ ಮೇಲಿರುವ ಕೆಲಸ ಅದಲ್ಲ, ಹತ್ತು ಹೆಜ್ಜೆ ಹೊತ್ತು ಇಳಿಸಿ ನಿಲ್ಲುತ್ತೀಯ. ದಣಿವು ಪೂರ್ತಿ ಕೊಡುತ್ತದೆ, ಮೋಟರ್ ಬೆಳೆಸುವುದಿಲ್ಲ. ಅದಕ್ಕೇ ನಿನ್ನ ಮೇಲೆ ಇನ್ನೂ ಭಾರ ಹೇರಲು ನನಗೆ ಇಷ್ಟವಿಲ್ಲ. ವಾರಕ್ಕೆ ಮೂರು ದಿನ ಮಾತ್ರ.

ಎರಡು ದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ತುಂಗಭದ್ರಾ ಎಡದಂಡೆ ಕಾಲುವೆಯ ದಾರಿಯಲ್ಲಿ 30 ರಿಂದ 40 ನಿಮಿಷ ನಿಧಾನ ಓಡು. ನಿಧಾನ ಅಂದರೆ ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡುತ್ತಾ ಓಡುವಷ್ಟು. ಹುಡುಗರು ಇದನ್ನು ಓಟವೇ ಅಲ್ಲ ಅಂತ ಬಿಡುತ್ತಾರೆ. ಆದರೆ ತೊಡೆಯಲ್ಲಿ ಹೊಸ ರಕ್ತನಾಳ ಮೂಡಿಸುವುದರಲ್ಲಿ ಇದರ ಪಾಲು ದೊಡ್ಡದು. ಮೂರನೇ ದಿನ ಗಟ್ಟಿ ಓಟ: ಹತ್ತು ನಿಮಿಷ ಮೈ ಬಿಸಿ ಮಾಡಿ, 4 ನಿಮಿಷ ಜೋರು, 3 ನಿಮಿಷ ಹಗುರ, ಹೀಗೆ ನಾಲ್ಕು ಸಲ. ಜೋರು ಅಂದರೆ ಎರಡು ಮೂರು ಶಬ್ದಕ್ಕಿಂತ ಜಾಸ್ತಿ ಮಾತು ಬರಬಾರದು, ಆದರೆ ನಾಲ್ಕನೇ ಸುತ್ತೂ ಅದೇ ವೇಗದಲ್ಲಿ ಮುಗಿಯಬೇಕು. 2001ರಲ್ಲಿ ನಾರ್ವೆಯ ಯುವ ಫುಟ್‌ಬಾಲ್ ಹುಡುಗರು ಇದನ್ನೇ ವಾರಕ್ಕೆ ಎರಡು ಸಲದಂತೆ 8 ವಾರ ಮಾಡಿದರು. ಆಟದಲ್ಲಿ ಅವರು ಓಡಿದ ದೂರ ಶೇಕಡಾ 20 ಹೆಚ್ಚಿತು, ಸ್ಪ್ರಿಂಟ್‌ಗಳು ಎರಡು ಪಟ್ಟಾದವು. ಬೇಸರ ಬಂದರೆ ತಿಂಗಳಿಗೊಮ್ಮೆ ಗಟ್ಟಿ ಓಟದ ಬದಲು ಬೆಳಗಿನ ಜಾವ ಅಂಜನಾದ್ರಿ ಬೆಟ್ಟಕ್ಕೆ ಹೋಗಿ 575 ಮೆಟ್ಟಿಲು ಒಂದೇ ಸಮ ಹತ್ತು. ಇಳಿಯುವಾಗ ಓಡಬೇಡ, ಮರುದಿನ ತೊಡೆ ಹಿಡಿಯುವುದು ಇಳಿತದಿಂದಲೇ.

ಪ್ರಾಕ್ಟೀಸ್‌ನ ಕೊನೆಯಲ್ಲಿ ವಾರಕ್ಕೊಮ್ಮೆ ಈ ಪರೀಕ್ಷೆ ಮಾಡಿಕೋ. 20 ಮೀಟರ್ ದೂರದಲ್ಲಿ ಕಲ್ಲಿಡು. ಓಡಿ ಹೋಗಿ, ಮುಟ್ಟಿ, ಓಡಿ ಬಾ. ಪ್ರತಿ 30 ಸೆಕೆಂಡಿಗೆ ಒಂದರಂತೆ ಆರು ಸಲ, ಎಲ್ಲವೂ ಜೀವ ಬಿಟ್ಟು. ಗೆಳೆಯನ ಮೊಬೈಲ್‌ನಲ್ಲಿ ಪ್ರತಿಯೊಂದರ ಸಮಯ ಬರೆಸು. ಅತ್ಯುತ್ತಮ ಓಟ 7.5 ಸೆಕೆಂಡ್ ಅಂತಿಟ್ಟುಕೋ, ಆರಕ್ಕೆ 45 ಆಗಬೇಕಿತ್ತು. ಕೂಡಿದಾಗ 48.6 ಬಂದರೆ ಶೇಕಡಾ 8 ಕುಸಿತ. ಈ ಕುಸಿತ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ, ಅತ್ಯುತ್ತಮ ಓಟ ನಿಧಾನ ಆಗದೆ ಇದ್ದರೆ, ಮೋಟರ್ ಬೆಳೆಯುತ್ತಿದೆ.

ನಿದ್ದೆ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನಿನಗೂ ಗೊತ್ತು. ದಿನವಿಡೀ ಚೀಲ ಹೊತ್ತು ರಾತ್ರಿ ಒಂದರ ತನಕ ಮೊಬೈಲ್ ನೋಡಿದರೆ ಯಾವ ಉಪಾಯವೂ ನಡೆಯದು. ಎಂಟು ಗಂಟೆ ಮಲಗು. ಪಂದ್ಯಾವಳಿಯ ಹಿಂದಿನ ಎರಡು ದಿನ ಸಾಧ್ಯವಾದರೆ ಮಿಲ್‌ನಲ್ಲಿ ಹಗುರ ಕೆಲಸ ಕೇಳಿಕೋ. ಬೀಡಿ ಸಿಗರೇಟ್ ಇದ್ದರೆ ಬಿಡು. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ, ಮಿಕ್ಕಿದ್ದು ನಿನಗೇ ತಿಳಿಯುತ್ತದೆ.

ಇಷ್ಟೆಲ್ಲ ಮಾಡುವ ಮುಂಚೆ ಒಂದು ಸಣ್ಣ ಕೆಲಸ. ಸರ್ಕಾರಿ ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ಗಂಡಸರಿಗೆ 13ಕ್ಕಿಂತ ಕಡಿಮೆ ಬಂದರೆ ಅದು ರಕ್ತಹೀನತೆ, ಆಮ್ಲಜನಕ ಹೊರುವ ಗಾಡಿಗಳೇ ಕಡಿಮೆ ಇವೆ ಅಂತ ಅರ್ಥ. ಆಗ ಎಷ್ಟು ಓಡಿದರೂ ಪ್ರಯೋಜನ ಕಡಿಮೆ, ಮೊದಲು ಚಿಕಿತ್ಸೆ ಆಗಬೇಕು. ಆಡುವಾಗ ಎದೆ ನೋವು, ಎದೆಬಡಿತ ತಪ್ಪಿದ ಹಾಗೆ ಅನಿಸುವುದು, ಕಣ್ಣು ಕತ್ತಲಾಗಿ ಬೀಳುವುದು ಯಾವತ್ತಾದರೂ ಆಗಿದ್ದರೆ ಇಸಿಜಿ ಮಾಡಿಸದೆ ಅಂಕಣಕ್ಕೆ ಇಳಿಯಬೇಡ.

ಈ ವಾರ ಆ ಆರು ಓಟ ಓಡಿ, ಆರೂ ಸಮಯ ಬರೆದು ನನಗೆ ಕಳಿಸು. ಜೊತೆಗೆ ಕಾಟಾ ಮೇಲಿನ ಎರಡು ತೂಕ, ಹಿಮೋಗ್ಲೋಬಿನ್ ಎಷ್ಟು ಬಂತು ಅನ್ನುವುದು. ಅದನ್ನು ನೋಡಿ ನಿನ್ನ ಮೊದಲ ನಾಲ್ಕು ವಾರದ ಓಟ ಬರೆದುಕೊಡುತ್ತೇನೆ.